ಸೋತ ಎಂಜಿನ್

ಉಗಿ ಎಂಜಿನ್ನಿನ ಹುಚ್ಚು ಹಿಡಿದವರು ಸಾಮಾನ್ಯವಾಗಿ ಕಟ್ಟುವುದು ರಾಕೆಟ್ಟನ್ನು. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಎಂಬಲ್ಲಿ ನಡೆದ ಪಂದ್ಯದಲ್ಲಿ ಗೆದ್ದ ಎಂಜಿನ್ ಅದು. ಇವರು ಮಾತ್ರ ಅದೇ ಪಂದ್ಯದಲ್ಲಿ ಸೋತದ್ದನ್ನು ಕಟ್ಟಲು ಕೂತರು. ಅದರ ಹೆಸರು ಸಾನ್ಸ್ ಪರೇಲ್, ಅಂದರೆ ಸರಿಸಾಟಿ ಇಲ್ಲದ್ದು. ಸೋತು ಸುಣ್ಣವಾದದ್ದಕ್ಕೆ ಇಂಥ ಹೆಸರು ಬೇರೆ ಕೇಡು ಎಂದು ನಾನು ನಕ್ಕಿದ್ದೆ.

ಇವರು ಎಂದರೆ ನನ್ನ ಗಂಡ ಚಿದಾನಂದ. ಗದಗಿನವರು. ಅಮೆರಿಕಾದ ಟೆಕ್ಸಸ್‌ನಲ್ಲಿ, ಆಸ್ಟಿನ್ನಿನ ಒಂದು ಕಂಪನಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ನಾನು ಮೈಸೂರಿನವಳು, ವೈಷ್ಣವಿ, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಾವು ಆಸ್ಟಿನ್ ಪಕ್ಕದ ಜಾರ್ಜ್‌ಟೌನಿನಲ್ಲಿ ಮನೆ ಕೊಂಡದ್ದೇ ಅದರ ಗ್ಯಾರೇಜ್ ನೋಡಿ. ಎರಡು ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಒಂದು ದಿನವೂ ಒಂದು ಕಾರೂ ನಿಲ್ಲಲಿಲ್ಲ. ಲೋಹ ಕಡೆಯುವ ಲೇತ್ ಬಂತು, ತಾಮ್ರದ ತಗಡು ಬಂತು, ಆರು ವರ್ಷ ನನ್ನ ಕಾರು ಬಿಸಿಲಲ್ಲಿ ಬೆಂದಿತು. ಊಟದ ಮೇಜಿನಷ್ಟು ಉದ್ದದ ಎಂಜಿನ್ ನಿಧಾನವಾಗಿ ಎದ್ದು ನಿಂತಿತು. ಆಟಿಕೆಯಲ್ಲ. ನಿಜವಾದ ಬೆಂಕಿ, ನಿಜವಾದ ಉಗಿ, ಹಿಂದೆ ಮುಂದೆ ಪುಟ್ಟ ಬಂಡಿ ಜೋಡಿಸಿದರೆ ಮನುಷ್ಯರನ್ನು ಕೂರಿಸಿಕೊಂಡು ಎಳೆಯುವಂಥದ್ದು.

ಮೊದಮೊದಲ ಎಂಜಿನ್ನುಗಳ ಕಥೆ ಎಂದರೆ ಇವರಿಗೆ ಊಟವೂ ಬೇಡ. 1804ರಲ್ಲಿ ವೇಲ್ಸ್‌ನಲ್ಲಿ ಓಡಿದ ಎಂಜಿನ್ ತನ್ನ ಭಾರಕ್ಕೆ ತಾನೇ ಹಳಿ ಮುರಿದದ್ದು, ನಯವಾದ ಹಳಿಯ ಮೇಲೆ ಚಕ್ರ ಜಾರುತ್ತದೆ ಎಂದು ಹೆದರಿದ ಒಬ್ಬ ಮಹಾರಾಯ ಎಂಜಿನ್ನಿಗೆ ಕಬ್ಬಿಣದ ಕಾಲು ಜೋಡಿಸಿ ನಡೆಸಿದ್ದು, ಎಲ್ಲ ನನಗೆ ಬಾಯಿಪಾಠ. ಸಾನ್ಸ್ ಪರೇಲ್ ಕಥೆ ಬಂದಾಗ ಮಾತ್ರ ಇವರ ದನಿ ಬದಲಾಗುತ್ತಿತ್ತು. ಪಂದ್ಯದ ದಿನ ಅದು ಚೆನ್ನಾಗಿಯೇ ಓಡುತ್ತಿತ್ತಂತೆ. ನಡುವೆ ಬಾಯ್ಲರಿಗೆ ನೀರು ತಳ್ಳುವ ಪಂಪು ಕೆಟ್ಟಿತು. ಒಳಗೆ ನೀರು ಇಳಿಯಿತು. ನೀರಿಲ್ಲದೆ ಬಾಯ್ಲರ್ ಸಿಡಿಯದಿರಲಿ ಎಂದು ಒಂದು ಸೀಸದ ಬಿರಡೆ ಇಟ್ಟಿರುತ್ತಾರೆ. ಅದು ಕರಗಿ ಉಗಿಯೆಲ್ಲ ಬೆಂಕಿಯ ಮೇಲೆ ನುಗ್ಗಿತು. ಅಲ್ಲಿಗೆ ಪಂದ್ಯ ಮುಗಿಯಿತು.

"ಎಂಜಿನ್ ಸೋತಿಲ್ಲ, ಪಂಪು ಸೋತೈತಿ," ಎನ್ನುತ್ತಿದ್ದರು. "ಮುಂದ ವರ್ಷಗಟ್ಲೆ ಅದು ಬ್ಯಾರೆ ಕಡೆ ಚಲೋ ಓಡೇತಿ. ಆದ್ರ ಯಾರಿಗೆ ಗೊತ್ತೈತಿ? ಒಂದಿನ ಕೆಟ್ಟಿದ್ದಷ್ಟ ಎಲ್ಲಾರಿಗೂ ನೆನಪು."

2002ರ ಚಳಿಗಾಲದಲ್ಲಿ ಇವರ ಕೈಯಿಂದ ಸ್ಪ್ಯಾನರ್ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಕೆಲಸ ಜಾಸ್ತಿಯಾಗಿದೆ, ಕತ್ತಿನ ನರ ಹಿಡಿದಿದೆ ಎಂದು ನಾವೇ ಒಂದೊಂದು ಕಾರಣ ಹುಡುಕಿಕೊಂಡೆವು. ಡಾಲಸ್‌ನಲ್ಲಿ ಒಬ್ಬರು ನೋಡಿದರು, ಕೊನೆಗೆ ಹ್ಯೂಸ್ಟನ್ನಿನ ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಎ.ಎಲ್.ಎಸ್. ಎಂದರು. ಮೈಯ ಒಂದೊಂದೇ ಸ್ನಾಯು ಕೆಲಸ ನಿಲ್ಲಿಸುತ್ತ ಹೋಗುತ್ತದೆ. ಮೊದಲು ಕೈ, ಆಮೇಲೆ ಕಾಲು, ಕತ್ತು, ಮಾತು, ಉಸಿರು. ಬುದ್ಧಿ ಹೋಗುವುದಿಲ್ಲ. ಮುಟ್ಟಿದ್ದು, ಸುಟ್ಟದ್ದು ಎಲ್ಲ ಗೊತ್ತಾಗುತ್ತದೆ. ಊರಿಗೆಲ್ಲ ಔಷಧಿ ಎಣಿಸಿ ಕೊಡುವವಳು ನಾನು. ನನ್ನ ಅಂಗಡಿಯ ಅಷ್ಟೂ ಕಪಾಟು ಹುಡುಕಿದರೂ ಇವರನ್ನು ಉಳಿಸುವ ಒಂದು ಗುಳಿಗೆ ಇರಲಿಲ್ಲ. ಆ ದಿನ ಹ್ಯೂಸ್ಟನ್ನಿನಿಂದ ವಾಪಸ್ಸು ಬರುವಾಗ ನಾನು ದಾರಿಯುದ್ದಕ್ಕೂ ಮುಂದಿನ ಲಾರಿಗಳನ್ನೆಲ್ಲ ಬೈಯುತ್ತ ಡ್ರೈವ್ ಮಾಡಿದೆ. ಇವರು ಒಂದೇ ಮಾತು ಹೇಳಿದರು.

"ಎಂಜಿನ್ ಒಂದು ಸಲ ಓಡಿಸಬೇಕು ನೋಡು. ನಾನ ಓಡಿಸಬೇಕು. ಪೂರಾ ಒಂದು ಸುತ್ತು."

ಆವತ್ತಿನಿಂದ ನನ್ನ ಕೈಗಳು ಇವರವಾದವು. ಇವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ತಿರುಗಿಸುವುದು. "ಎಡಕ್ಕ ಅಂದ್ನಿ, ಎಡಕ್ಕ!" ಎಂದು ಇವರು, "ನಿಮ್ಮ ಎಡಕ್ಕೋ ನನ್ನ ಎಡಕ್ಕೋ ಮೊದಲು ಹೇಳಿ" ಎಂದು ನಾನು. ಮದುವೆಯಾದ ಮೇಲೆ ನಾವು ಅಷ್ಟು ಜಗಳವಾಡಿದ್ದೂ ಇಲ್ಲ, ಅಷ್ಟು ಹೊತ್ತು ಒಟ್ಟಿಗೆ ಕೂತದ್ದೂ ಇಲ್ಲ. ನನಗೆ ಆ ಎಂಜಿನ್ ಕಂಡರೆ ಸಿಟ್ಟು ಬರುತ್ತಿತ್ತು, ಅದು ಮುಗಿಯದಿದ್ದರೆ ಎಂದು ಭಯವೂ ಆಗುತ್ತಿತ್ತು.

ಆಸ್ಟಿನ್ ಹೊರವಲಯದಲ್ಲಿ ಇಂಥ ಹುಚ್ಚರೆಲ್ಲ ಸೇರಿ ಹಾಕಿಕೊಂಡ ಪುಟ್ಟ ಹಳಿಯಿದೆ. ಓಕ್ ಮರಗಳ ನಡುವೆ ಒಂದು ದೊಡ್ಡ ಸುತ್ತು, ಒಂದು ತಗಡಿನ ಸ್ಟೇಷನ್. ತಿಂಗಳಿಗೆ ಒಂದು ಶನಿವಾರ ಅಲ್ಲಿ ಎಂಜಿನ್ನುಗಳಿಗೆ ಬೆಂಕಿ ಹಾಕುತ್ತಾರೆ. ಮನೆಯಲ್ಲಿ ಕಟ್ಟಿದ ಬಾಯ್ಲರನ್ನು ಪರೀಕ್ಷೆ ಮಾಡದೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಪರೀಕ್ಷೆ ಮಾಡುವವರು ಡ್ವೇನ್ ಎಂಬ ಎತ್ತರದ ಮುದುಕರು, ಮಾತು ಕಡಿಮೆ. ಏಪ್ರಿಲ್ಲಿನಲ್ಲಿ ಅವರು ನಮ್ಮ ಬಾಯ್ಲರಿಗೆ ತಣ್ಣೀರು ತುಂಬಿ ದುಪ್ಪಟ್ಟು ಒತ್ತಡ ಕೊಟ್ಟು ನೋಡಿದರು. ಒಂದು ಹನಿ ಸೋರಲಿಲ್ಲ. ಮೇ ತಿಂಗಳ ಶನಿವಾರ ಓಡಿಸೋಣ ಎಂದರು.

ಮೇ ತಿಂಗಳಲ್ಲಿ ಮಳೆ ಬರಲಿಲ್ಲ. ಹುಲ್ಲೆಲ್ಲ ಒಣಗಿ ನಿಂತು, ಬಯಲಿನಲ್ಲಿ ಯಾರೂ ಬೆಂಕಿ ಹಚ್ಚಬಾರದು ಎಂದು ಸರ್ಕಾರದ ಆಜ್ಞೆ ಬಂತು. ಜೂನ್ ಹೋಯಿತು, ಜುಲೈ ಹೋಯಿತು. ಪ್ರತಿ ತಿಂಗಳೂ ಡ್ವೇನ್ ಫೋನ್ ಮಾಡಿ ಸಾರಿ ಎನ್ನುವರು. ಮೇಯಲ್ಲಿ ಇವರಿಗೆ ಲೋಟ ಹಿಡಿಯಲು ಬರುತ್ತಿತ್ತು. ಜುಲೈನಲ್ಲಿ ಷರ್ಟಿನ ಗುಂಡಿ ನಾನು ಹಾಕಬೇಕಾಯಿತು. ಆಗಸ್ಟಿನಲ್ಲಿ ಊಟ ಮಾಡಿಸತೊಡಗಿದೆ. ಆಕಾಶ ನೋಡಿ ನೋಡಿ ನನ್ನ ಬಾಯಲ್ಲಿ ಬರಬಾರದ ಮಾತೆಲ್ಲ ಬಂದವು. ಯಾರ ಮೇಲೆ ಸಿಟ್ಟು ಮಾಡುವುದು? ಮೋಡದ ಮೇಲೋ?

ಆ ಹೊತ್ತಿಗೆ ಅತ್ತೆ ಕಾಶವ್ವ ಗದಗಿನಿಂದ ಬಂದರು. ಮಗನಿಗೆ ನರದ ಬೇನೆ ಎಂದಷ್ಟೇ ಹೇಳಿದ್ದೆವು. ವಿಮಾನ ನಿಲ್ದಾಣದಲ್ಲಿ ನೋಡಿದ ಕೂಡಲೇ ಅವರಿಗೆ ಉಳಿದದ್ದೆಲ್ಲ ತಿಳಿದುಹೋಯಿತು. ಅತ್ತು ಕರೆದು ಮಾಡಲಿಲ್ಲ. ಬೆಳಿಗ್ಗೆ ಎದ್ದು ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಮಗನ ಹಣೆಗೆ ವಿಭೂತಿ ಹಚ್ಚಿ, ಅರಿಶಿನ ಹಚ್ಚಿದ ಅಕ್ಕಿಕಾಳನ್ನು ತಲೆಯ ಮೇಲೆ ಹಾಕುವರು. ಉಳಿದ ಹೊತ್ತು ಕೈಕಾಲಿಗೆ ಎಣ್ಣೆ ತಿಕ್ಕುವರು. ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನಿಂದಲೂ ಏನೂ ಆಗುತ್ತಿರಲಿಲ್ಲವಲ್ಲ, ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದೆ.

ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ಹನಿ ಬಿದ್ದು ಆಜ್ಞೆ ಸಡಿಲವಾಯಿತು. ಅಕ್ಟೋಬರಿನ ಶನಿವಾರಕ್ಕೇ ಖಂಡೇಪೂಜೆಯೂ ಬಿತ್ತು. ಆಯುಧ, ಯಂತ್ರಗಳಿಗೆ ಪೂಜೆ ಮಾಡುವ ದಿನ. "ನೋಡ್ರಿ, ದೇವರ ದಿನ ಗೊತ್ತು ಮಾಡ್ಯಾನ," ಎಂದು ಅತ್ತೆ ಹಿಗ್ಗಿದರು. ಡಾಲಸ್ ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿರುವ ಇವರ ಗೆಳೆಯ ಬದರಿನಾಥ ಹಿಂದಿನ ದಿನವೇ ಬಂದು ವ್ಯಾನಿನ ಹಿಂದೆ ಟ್ರೇಲರ್ ಕಟ್ಟಿ, ಎಂಜಿನ್ ಹೇರಿಕೊಂಡ.

ಹಳಿಯ ಹತ್ತಿರ ಅತ್ತೆ ಸೆರಗು ಸಿಕ್ಕಿಸಿ ನಿಂತರು. ಚಿಮಣಿಗೆ ಮೂರೆಳೆ ವಿಭೂತಿ, ಚಕ್ರದಡಿ ನಿಂಬೆಹಣ್ಣು, ಬಾಯ್ಲರಿಗೆ ಚೆಂಡುಹೂವಿನ ಮಾಲೆ. ಕಾಯಿ ಒಡೆದಾಗ ಟೋಪಿ ಹಾಕಿದ ಟೆಕ್ಸಸ್ ಮುದುಕರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಮಾಲೆಯನ್ನು ಮಾತ್ರ ಡ್ವೇನ್ ಬಹಳ ಸಂಕೋಚದಿಂದ ಬಿಚ್ಚಿಸಿದರು. ಹೊರಟಾಗ ಎಲ್ಲಾದರೂ ಸಿಕ್ಕಿಕೊಂಡೀತು ಎಂದು. ಅವರು ಎಲ್ಲವನ್ನೂ ನೋಡುವ ಮನುಷ್ಯ.

ಈ ಎಂಜಿನ್ನಿನ ವಿಚಿತ್ರ ಏನೆಂದರೆ, ಬೆಂಕಿ ಹಾಕುವ ಬಾಯಿ ಚಿಮಣಿಯ ಪಕ್ಕದಲ್ಲೇ ಒಂದು ತುದಿಗೆ, ಓಡಿಸುವವರ ಜಾಗ ಇನ್ನೊಂದು ತುದಿಗೆ. ಇಬ್ಬರಿಲ್ಲದೆ ಅದು ಅಲುಗುವುದಿಲ್ಲ. ಬೆಂಕಿ ನನ್ನದು. ಚಿಮಣಿಯ ಕಡೆ ಜೋಡಿಸಿದ ನನ್ನ ಬಂಡಿಯಲ್ಲೇ ಕಲ್ಲಿದ್ದಲು, ನೀರಿನ ಮರದ ಪೀಪಾಯಿ, ಒಳಗೆ ಎಷ್ಟು ನೀರಿದೆ ಎಂದು ತೋರಿಸುವ ಗಾಜಿನ ಕೊಳವೆ. ಇವರನ್ನು ಬದರಿನಾಥ ಎತ್ತಿ ಆ ತುದಿಯಲ್ಲಿ ಕೂರಿಸಿದ. ಉಗಿ ಬಿಡುವ ಹಿಡಿಕೆಗೆ ಇವರ ಬಲಗೈಯನ್ನು ನನ್ನ ಹತ್ತಿಯ ದುಪಟ್ಟಾದಿಂದ ಕಟ್ಟಿದೆ. ಬೆರಳಿಗೆ ಬಲವಿರಲಿಲ್ಲ, ತೋಳು ಇನ್ನೂ ಸ್ವಲ್ಪ ಹಿಂದೆ ಮುಂದೆ ಹೋಗುತ್ತಿತ್ತು.

ಉಗಿ ಏರಿತು. ಇವರು ತೋಳನ್ನು ಎಳೆದರು. ಎಂಜಿನ್ ಒಮ್ಮೆ ಕೆಮ್ಮಿ, ನಡುಗಿ, ಹೊರಟಿತು.

ನಾನು ಆರು ವರ್ಷ ಬೈದ ವಸ್ತು ಅದು. ಅದು ಹೊರಟಾಗ ಹೋ ಎಂದು ಮೊದಲು ಕೂಗಿದವಳು ನಾನೇ. ತಿರುಗಿ ನೋಡಿದರೆ ಹೊಗೆಯ ಆಚೆ ಇವರ ಮುಖ. ಮದುವೆಯ ಹೊಸತರಲ್ಲಿ ಕಂಡಿದ್ದ ಮುಖ.

"ನೀರೆಷ್ಟೈತಿ?" ಎಂದು ಕೂಗಿದರು. ಆಗಲೇ ಮಾತು ಸ್ವಲ್ಪ ತೊದಲುತ್ತಿತ್ತು.

"ಅರ್ಧಕ್ಕಿಂತ ಕಡಿಮೆ!"

"ಓಡ್ಲಿ, ಬರ್ತೈತಿ."

ಅದು ಹಾಗೆಯೇ. ಆ ಕಾಲದ ಎಂಜಿನ್ನುಗಳ ಪಂಪು ಚಕ್ರ ತಿರುಗಿದರೆ ಮಾತ್ರ ನೀರೆಳೆಯುವುದು. ನಿಂತಲ್ಲಿ ನೀರಿಲ್ಲ. ನೀರು ಬೇಕಾದರೆ ಸ್ಟೇಷನ್ನಿನಲ್ಲೇ ಹಿಂದೆ ಮುಂದೆ ಓಡಾಡಿಸುತ್ತಿದ್ದರಂತೆ. ಡ್ವೇನ್ ಹಟ ಹಿಡಿದದ್ದರಿಂದ ಕೈಯಲ್ಲಿ ಒತ್ತುವ ಇನ್ನೊಂದು ಪಂಪನ್ನೂ ಇಟ್ಟಿದ್ದೆವು. ಎರಡೂ ಅದೇ ಪೀಪಾಯಿಯಿಂದ ನೀರೆಳೆಯಬೇಕು.

ಓಕ್ ಮರಗಳೊಳಗೆ ಹೋದೆವು. ಗಾಜಿನಲ್ಲಿ ನೀರು ಏರಲಿಲ್ಲ, ಇಳಿಯಿತು. ನಾನು ಕೈಪಂಪು ಒತ್ತಿದೆ. ಹಿಡಿಕೆ ಸುಮ್ಮನೆ ಸಡಿಲವಾಗಿ ಆಡಿತು, ಒಳಗೆ ಏನೂ ಹೋಗಲಿಲ್ಲ. ಜೋರಾಗಿ ಒತ್ತಿದೆ. ಭುಜ ಸೇದಿತು. ನೀರು ಇನ್ನೂ ಇಳಿಯಿತು.

"ಪೈಪ್ ಮುಟ್ಟಿ ನೋಡು!"

ಮುಟ್ಟಿದೆ. ಕೈ ಸುಟ್ಟಿತು. ತಣ್ಣೀರು ಹೋಗಬೇಕಾದ ಪೈಪು. ನೀರು ಒಳಗೆ ಹೋಗಲಿ, ಹಿಂದಕ್ಕೆ ಬಾರದಿರಲಿ ಎಂದು ಒಂದೊಂದು ಪಂಪಿನ ಪೈಪಿನ ಬಾಯಲ್ಲೂ ಒಂದು ಪುಟ್ಟ ಗುಂಡು ಇರುತ್ತದೆ. ಎರಡೂ ತಮ್ಮ ಜಾಗದಲ್ಲಿ ಕೂರುತ್ತಿರಲಿಲ್ಲ. ಬಾಯ್ಲರಿನ ನೀರೇ ವಾಪಸ್ಸು ಪೀಪಾಯಿಗೆ ಬರುತ್ತಿತ್ತು. ಆ ಗುಂಡುಗಳು ಉಗಿಯ ಒತ್ತಡದಲ್ಲಿವೆ, ಎಂಜಿನ್ ಆರಿ ತಣ್ಣಗಾಗುವವರೆಗೆ ಬಿಚ್ಚುವ ಹಾಗಿಲ್ಲ. ಅವನ್ನು ಜೋಡಿಸಿದವಳು ನಾನೇ, ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು.

ಅರ್ಧ ಸುತ್ತು ದಾಟಿತ್ತು. ಮರಗಳ ಸಂದಿಯಲ್ಲಿ ಸ್ಟೇಷನ್ನಿನ ತಗಡು ಹೊಳೆಯುತ್ತಿತ್ತು. ಅತ್ತೆಯ ಹಸಿರು ಇಳಕಲ್ ಸೀರೆ ಕಾಣುತ್ತಿತ್ತು. ಗಾಜಿನ ತಳದಲ್ಲಿ ಉಗುರಿನಷ್ಟು ನೀರು ಕುಲುಕುತ್ತಿತ್ತು. ಹಿಂದಿನಿಂದ ಡ್ವೇನ್ "ಡ್ರಾಪ್ ಇಟ್! ಡ್ರಾಪ್ ದ ಫೈರ್!", ಬೆಂಕಿ ಕೆಳಕ್ಕೆ ಸುರಿಯಿರಿ ಎಂದು ಕೂಗುತ್ತ ಓಡಿಬರುತ್ತಿದ್ದರು.

"ಬೆಂಕಿ ಎಳಿ," ಎಂದರು ಇವರು.

"ಇನ್ನು ಸ್ವಲ್ಪ ಇದೆ ರೀ. ಸ್ಟೇಷನ್ ಕಾಣ್ತಿದೆ. ಹೋಗಿಬಿಡೋಣ!"

"ಬಿರಡಿ ಕರಗ್ತೈತಿ. ಎಳಿ."

"ಕರಗಲಿ! ಬೇರೆ ಹಾಕೋಣ."

"ಯಾರ ಹಾಕ್ತಾರ?" ಎಂದರು. ಆಮೇಲೆ ಮೆಲ್ಲಗೆ, "ವೈಷ್ಣವಿ, ನೀ ಬೆಂಕಿ ಮುಂದ ಕುಂತಿ. ಎಳಿ ಅಂದ್ರ ಎಳಿ."

ನಾನು ಕೊಂಡಿ ಎಳೆದೆ. ಬೆಂಕಿಯಡಿಯ ಕಬ್ಬಿಣದ ಜಾಲರಿ ಜಾರಿ, ಕೆಂಪಗೆ ಕಾದ ಕೆಂಡವೆಲ್ಲ ಹಳಿಯ ನಡುವೆ ಸುರಿಯಿತು. ಎಂಜಿನ್ ಉಳಿದ ಉಗಿಯಲ್ಲಿ ನಾಲ್ಕು ಮಾರು ಹೋಗಿ ನಿಂತಿತು. ಡ್ವೇನ್ ಬಂದು ಕೆಂಡಕ್ಕೆ ನೀರು ಹಾಕಿದರು. ಅವರ ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಇರಬೇಕು ಎಂದು ಅಂದುಕೊಂಡೆ.

ಇವರಿಗೆ ಇಳಿದು ನಡೆಯಲು ಬರುವಂತಿರಲಿಲ್ಲ. ಹಾಗಾಗಿ ಎಂಜಿನ್ ಮೇಲೆಯೇ ಕೂರಿಸಿ ನಾನು, ಬದರಿನಾಥ, ಡ್ವೇನ್ ತಳ್ಳಿಕೊಂಡು ಬಂದೆವು. ಕೈಗೆ ಕಟ್ಟಿದ ದುಪಟ್ಟಾ ಬಿಚ್ಚಲೂ ನನಗೆ ನೆನಪಾಗಲಿಲ್ಲ. ಸ್ಟೇಷನ್ ಹತ್ತಿರ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆ ಎಲ್ಲರಿಗಿಂತ ಜೋರಾಗಿ ಹೊಡೆದರು. ಆ ಚಪ್ಪಾಳೆ ಕೇಳಿ ನನಗೆ ಬಂದ ಸಿಟ್ಟಿಗೆ ಅಲ್ಲೇ ಯಾರನ್ನಾದರೂ ಹೊಡೆದುಬಿಡುತ್ತಿದ್ದೆ. ಇವರು ಎಲ್ಲರಿಗೂ ನಕ್ಕರು.

ವಾಪಸ್ಸು ಬರುವಾಗ ಬದರಿನಾಥ ವ್ಯಾನ್ ಓಡಿಸುತ್ತಿದ್ದ. ಅತ್ತೆ ಮುಂದೆ ಕೂತಿದ್ದರು. ತಳ್ಳಿಕೊಂಡು ಬಂದದ್ದು ಎಂಜಿನ್ ಕೆಟ್ಟದ್ದರಿಂದ ಎಂದು ಅವರಿಗೆ ಅಷ್ಟರಲ್ಲಿ ಯಾರೋ ಹೇಳಿದ್ದರು.

"ನನಗ ತಿಳೀವಲ್ತು," ಎಂದರು. "ಎಲ್ಲಾ ಸರಿಯಾಗಿ ಮಾಡೀನಿ. ಬಂಡಿಗಷ್ಟ ಅಲ್ಲ, ಗಂಗಿಗೂ ಪೂಜಿ ಮಾಡೀನಿ. ಗಂಗಿನ್ನ ಬಿಟ್ಟು ಯಾವ ಕೆಲಸ ನಡೀತೈತಿ? ಈಕಿ ಬೆಂಕಿ ಹಚ್ಚೂ ಮುಂದ ಪೀಪಾಯಿ ಮುಚ್ಚಳ ತಗದು, ಅರಿಶಿಣ ಕುಂಕುಮ ಏರಿಸಿ, ಒಂದು ಹಿಡಿ ಅಕ್ಕಿಕಾಳು ಬಿಟ್ಟೀನಿ ನೀರಾಗ. ಆದ್ರೂ ಯಾಕ ಹಿಂಗಾತು?"

ಬದರಿನಾಥ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಇವರನ್ನು ನೋಡಿದೆ. ಪೀಪಾಯಿಯ ಬಾಯಿಗೆ ಜರಡಿ ಇತ್ತು. ಓಕ್ ಎಲೆ, ಕಲ್ಲಿದ್ದಲ ಚೂರು ಒಳಗೆ ಹೋಗದಿರಲಿ ಎಂದು ಲೆಕ್ಕ ಹಾಕಿ ಇವರೇ ತೂತಿನ ಅಳತೆ ಹೇಳಿದ್ದರು. ಟೆಕ್ಸಸ್ಸಿನಲ್ಲಿ ಗಾಳಿಗೆ ಏನೇನು ಹಾರಿಬರುತ್ತದೆ ಎಂದೆಲ್ಲ ಯೋಚಿಸಿದ ಮನುಷ್ಯನಿಗೆ ಆ ತೂತಿನಲ್ಲಿ ನುಸುಳುವ, ತನ್ನ ತಾಯಿಯ ಕೈಯ ಸೋನಾ ಮಸೂರಿ ಅಕ್ಕಿ ನೆನಪಾಗಿರಲಿಲ್ಲ.

ಇವರು ಕಣ್ಣು ಮುಚ್ಚಿಕೊಂಡು, "ಕಲ್ಲಿದ್ದಲು ಸರಿ ಇರಲಿಲ್ಲವ್ವ," ಎಂದರು.

"ಹಂಗನ್ನು. ನಾ ಅವಾಗ ಅನ್ಕೊಂಡೆ. ಅದೇನು ಕಲ್ಲಿದ್ದಲು, ಬರೇ ಮಣ್ಣು," ಎಂದು ಅತ್ತೆ ಸಮಾಧಾನ ಮಾಡಿಕೊಂಡರು. ಆ ವಾರವಿಡೀ ಗದಗಿಗೆ ಫೋನ್ ಮಾಡಿದಾಗಲೆಲ್ಲ ಅಮೆರಿಕಾದ ಕಲ್ಲಿದ್ದಲನ್ನು ಬೈದರು.

ಮರುದಿನ ಗ್ಯಾರೇಜಿನಲ್ಲಿ ಇವರು ಹೇಳಿದ ಹಾಗೆ ಪೈಪು ಬಿಚ್ಚಿದೆ. ಎರಡೂ ಪಂಪಿನ ಗುಂಡಿನ ಕೆಳಗೆ ಅಕ್ಕಿಕಾಳು ಬೆಂದು ಅನ್ನವಾಗಿ ಕೂತಿತ್ತು. ಅರಿಶಿನದ ಬಣ್ಣ ಹೋಗಿರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಾನು ಸೀದಾ ಅಡುಗೆಮನೆಗೆ ಹೊರಟೆ. ತೋರಿಸಲೇಬೇಕು ಎನಿಸಿತ್ತು. ಯಾರಾದರೂ ಒಬ್ಬರು ಇದಕ್ಕೆ ಕಾರಣ ಎಂದು ನನಗೆ ಬೇಕಾಗಿತ್ತು. ರೋಗಕ್ಕೆ ಕಾರಣವಿರಲಿಲ್ಲ, ಬಾರದ ಮಳೆಗೆ ಕಾರಣವಿರಲಿಲ್ಲ, ಇದಕ್ಕಾದರೂ ಸಿಕ್ಕಿತ್ತು.

"ಎಲ್ಲಿ ಹೊಂಟಿ?"

"ಅತ್ತೆಗೆ ಗೊತ್ತಾಗಬೇಡವಾ? ನಿಮ್ಮ ಆರು ವರ್ಷ ರೀ!"

"ಹೇಳಿದ್ರ ನನ್ನ ಕೈ ಬರ್ತಾವೇನು?" ಎಂದರು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳಬೇಕಿತ್ತು. "ಅಕಿಗೆ ಮಾಡಾಕ ಬರೂದು ಅದೊಂದ. ಅದನ್ನೂ ಕಸ್ಗೋಬ್ಯಾಡ."

ನಾನು ಅಲ್ಲೇ ನಿಂತೆ. ಅಡುಗೆಮನೆಯಲ್ಲಿ ಅತ್ತೆ ಇವರಿಗಾಗಿ ಜೋಳದ ನುಚ್ಚು ತಿರುವುತ್ತಿದ್ದರು. ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಗುಂಡುಗಳನ್ನು ಒರೆಸಿ ಕೂರಿಸಿದೆ, ಪೈಪು ಬಿಗಿದೆ. ಮುಂದಿನ ತಿಂಗಳು ಪೂರಾ ಸುತ್ತು ಹೊಡೆಯೋಣ ಎಂದೆ. ಇವರು ಹೂಂ ಎಂದರು.

ಮುಂದಿನ ತಿಂಗಳ ಶನಿವಾರ ಮಳೆ ಸುರಿಯಿತು. ಬೇಸಿಗೆಯಿಡೀ ಬೇಡಿಕೊಂಡಿದ್ದ ಮಳೆ. ಅದರ ಮುಂದಿನ ತಿಂಗಳಿಗೆ ಇವರಿಗೆ ಒರಗದೆ ಕೂರಲು ಬರುತ್ತಿರಲಿಲ್ಲ. ಡ್ವೇನ್ ಮನೆಗೇ ಬಂದು, ತಾವು ಓಡಿಸುತ್ತೇವೆ, ಇವರು ನೋಡಲಿ ಎಂದರು. ಇವರು ಕಣ್ಣಲ್ಲೇ ಬೇಡ ಎಂದರು. ಬಂದಾಗಲೆಲ್ಲ ಆ ಮನುಷ್ಯ ಎಂಜಿನ್ನಿನ ಹಿತ್ತಾಳೆ ಒರೆಸಿಟ್ಟು ಹೋಗುವರು. ಮಾಡುವುದಕ್ಕೆ ಅವರಿಗೂ ಬೇರೇನೂ ಇರಲಿಲ್ಲ.

ಅತ್ತೆ ತಮ್ಮ ವೀಸಾ ಮುಂದುವರಿಸಿಕೊಂಡರು. ಬೆಳಗಿನ ಪೂಜೆ ಆಮೇಲೆ ಗ್ಯಾರೇಜಿಗೂ ಬಂತು. ಇವರ ಗಾಲಿಕುರ್ಚಿಯನ್ನು ನಾನು ಎಂಜಿನ್ ಪಕ್ಕ ನಿಲ್ಲಿಸುವುದು, ಅತ್ತೆ ತಟ್ಟೆ ಹಿಡಿದು ಬರುವುದು. ಒಂದು ದಿನ ಎಂದಿನಂತೆ ಚಿಮಣಿಗೆ ವಿಭೂತಿ ಹಚ್ಚಿದರು. ಪೀಪಾಯಿಯ ಮುಚ್ಚಳ ತೆಗೆದು, ಖಾಲಿ ಪೀಪಾಯಿಗೆ ಅಕ್ಕಿಕಾಳು ಹಾಕಿದರು. "ಈ ಸಲ ಓಡ್ತೈತಿ ನೋಡಪಾ," ಎಂದು ಮಗನ ಮುಂದೆ ನಿಂತರು. ಇವರು ತಲೆ ಬಗ್ಗಿಸಿದರು. ಅಷ್ಟು ಇವರಿಗೆ ಇನ್ನೂ ಬರುತ್ತಿತ್ತು. ಅತ್ತೆ ತಲೆಯ ಮೇಲೆ ಅಕ್ಕಿಕಾಳು ಹಾಕಿ, ನೆಟಿಕೆ ಮುರಿದು, ಒಳಗೆ ಹೋದರು.

ಇವರ ಬಗ್ಗಿಸಿದ ತಲೆ ಮತ್ತೆ ಮೇಲೇಳಲಿಲ್ಲ.

ನಾನು ಸ್ವಲ್ಪ ಹೊತ್ತು ಕಾದೆ. ಎತ್ತಲು ನೋಡುತ್ತಿದ್ದಾರೆ ಎಂದು ಕತ್ತಿನ ನರ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಹೋಗಿ ಗದ್ದದ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿ ಹಿಡಿದೆ. ಕೂದಲಲ್ಲಿದ್ದ ಅಕ್ಕಿಕಾಳು ನನ್ನ ಕೈ ಮೇಲೆ ಉದುರಿತು. ಕೈ ಬಿಡುವಂತಿರಲಿಲ್ಲ, ಹಾಗೇ ಹಿಡಿದುಕೊಂಡು ನಿಂತೆ.